ಹತ್ತಿರವಿರಬೇಕು, ಅಡ್ಡವಿರಬಾರದು

ಸೆಪ್ಟೆಂಬರ್ 7, ಭಾನುವಾರ

ಇವತ್ತು ಚೆಂಡು ನನಗೆ ಎರಡು ಸಲ ಬಡಿಯಿತು. ಒಮ್ಮೆ ಮೊಣಕಾಲಿಗೆ, ಇನ್ನೊಮ್ಮೆ ಸೊಂಟಕ್ಕೆ. ನೋವೇನೂ ಇಲ್ಲ, ಆದರೆ ಮೈಯೆಲ್ಲ ಉರಿಯುತ್ತಿದೆ.

ಫುಟ್‌ಬಾಲ್ ರೆಫ್ರಿ ಎಂದರೆ ಊಟಕ್ಕೆ ಉಪ್ಪಿನ ಹಾಗೆ. ಸರಿಯಾಗಿದ್ದರೆ ಯಾರೂ ಅದರ ಮಾತೆತ್ತುವುದಿಲ್ಲ. ಪಂದ್ಯ ಮುಗಿಸಿ ಮನೆಗೆ ಹೋಗುವವರಿಗೆ ಇವತ್ತು ಸೀಟಿ ಊದಿದ್ದು ಯಾರು ಎಂಬುದೇ ನೆನಪಿರಬಾರದು. ಹನ್ನೆರಡು ವರ್ಷ ನಾನು ಹೀಗೇ ನಡೆದುಕೊಂಡು ಬಂದಿದ್ದೇನೆ. ಮೈದಾನದ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಓಡಬೇಕು, ಆಟಕ್ಕೆ ಹತ್ತಿರವಿರಬೇಕು, ಅಡ್ಡವಿರಬಾರದು. ಇದು ನಾನು ಕಲಿತ ಮೊದಲ ಪಾಠ. ಅದೇ ಓರೆ ದಾರಿಯಲ್ಲಿ ಓಡಿ ಓಡಿ ಅಲ್ಲಿನ ಹುಲ್ಲು ಸವೆದಿದೆ.

ಚೆಂಡು ರೆಫ್ರಿಗೆ ತಾಗಿದರೆ ಏನು ಮಾಡಬೇಕೆಂದು ನಿಯಮವಿದೆ. ತಾಗಿದ ಚೆಂಡು ಎದುರು ತಂಡದ ಪಾಲಾದರೆ ಆಟ ನಿಲ್ಲಿಸಬೇಕು. ಅದರಿಂದ ಯಾರಿಗಾದರೂ ಒಳ್ಳೆಯ ದಾಳಿಯ ಅವಕಾಶ ಹುಟ್ಟಿದರೂ ನಿಲ್ಲಿಸಬೇಕು, ನೇರವಾಗಿ ಗೋಲಿಗೆ ಹೋದರೂ ನಿಲ್ಲಿಸಬೇಕು. ಆಮೇಲೆ ನನಗಿಂತ ಮೊದಲು ಯಾವ ತಂಡ ಮುಟ್ಟಿತ್ತೋ ಅವರ ಮುಂದೆ ಚೆಂಡನ್ನು ಕೈಯಿಂದ ಬೀಳಿಸಿ ಆಟ ಶುರು ಮಾಡಬೇಕು. ಇದಕ್ಕೆ ಡ್ರಾಪ್ ಬಾಲ್ ಎನ್ನುತ್ತಾರೆ. ಇವತ್ತು ಎರಡು ಸಲವೂ ಅದನ್ನೇ ಮಾಡಿದೆ, ತಲೆ ತಗ್ಗಿಸಿಕೊಂಡು, ಬಾಯಿ ಬಿಡದೆ. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದವರಿಗೆ ನೆಲ ತೋರಿಸಿದೆ.

ಎರಡು ಸಲವೂ ಒದ್ದವರು ನಮ್ಮ ಬೀದಿಯ ಬೇಕರಿಯವರು. ಅವರು ಒಂದು ತಂಡದ ನಾಯಕರು, ಎಂಟನೇ ನಂಬರಿನ ಅಂಗಿ, ಸ್ವಲ್ಪ ಹೊಟ್ಟೆ, ನಡು ಮೈದಾನದ ಆಟ. ತಂಡಕ್ಕೂ ಎಲ್ಲರೂ ಬೇಕರಿ ತಂಡ ಎಂದೇ ಕರೆಯುತ್ತಾರೆ. ಪಾಪ, ಎರಡು ಸಲವೂ "ಸಾರಿ ಮೇಡಂ" ಅಂದರು. ತಪ್ಪು ಅವರದಲ್ಲ, ನಾನು ನಿಂತ ಜಾಗದ್ದು.

ಇದು ಬೇರೆ ವರ್ಷವಾಗಿದ್ದರೆ ಮರೆತು ಮಲಗುತ್ತಿದ್ದೆ. ನನಗೀಗ ಮೂವತ್ತೊಂಬತ್ತು. ಮೇಲಿನ ದರ್ಜೆಯ ರೆಫ್ರಿಗಳ ಪಟ್ಟಿಗೆ ಸೇರಬೇಕಾದರೆ ನಲವತ್ತು ತುಂಬಿರಬಾರದು. ಈ ಸೀಸನ್ನಿನ ಫೈನಲ್ಲಿಗೆ ಒಬ್ಬ ವೀಕ್ಷಕರು ಬಂದು ನನ್ನ ಓಟ, ನಿಲ್ಲುವ ಜಾಗ, ತೀರ್ಪು ಎಲ್ಲಕ್ಕೂ ಅಂಕ ಕೊಡುತ್ತಾರೆ. ಪಾಸಾದರೆ ದೊಡ್ಡ ಮೈದಾನಗಳು, ನಿಜವಾದ ಹುಲ್ಲು, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ. ಫೇಲಾದರೆ ಮತ್ತೆ ಕೇಳುವ ಹಾಗಿಲ್ಲ.

ಊಟಕ್ಕೆ ಕೂತಾಗ ಅತ್ತೆ ಸುದ್ದಿ ಕೇಳಿದರು. ಹೇಳಿದೆ.

"ಇಪ್ಪತ್ತೆರಡು ಜನ ಆಡ್ತಿರೋವಾಗ ನಡುವೆ ಹೋಗಿ ಅಡ್ಡ ನಿಂತ್ಯಾ? ಶಿವಪೂಜೇಲಿ ಕರಡಿ ಬಿಟ್ಟ ಹಾಗಾಯ್ತು."

"ಅತ್ತೆ, ಅಲ್ಲಿ ನಾನು ಕರಡಿಯಲ್ಲ, ಪೂಜಾರಿ."

"ಅದು ಚೆಂಡಿಗೆ ಗೊತ್ತಾಗಬೇಕಲ್ಲ."

ಇವರು, ನನ್ನ ಗಂಡ, ಪಲ್ಯ ಬಡಿಸುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿಕೊಂಡರು. ನಗುತ್ತಿದ್ದದ್ದು ಹೆಗಲಿನಿಂದಲೇ ತಿಳಿಯಿತು.

ಸೆಪ್ಟೆಂಬರ್ 8, ಸೋಮವಾರ

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ರೆಫ್ರಿ. ಗಾಜನ್ನು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ಇದರ ಮೇಲೆ ಎಷ್ಟು ತಮಾಷೆ ಸಾಧ್ಯವೋ ಅಷ್ಟನ್ನೂ ಕೇಳಿಸಿಕೊಂಡಿದ್ದೇನೆ. ಆದರೂ ಇವತ್ತು ಒಬ್ಬ ಹಿರಿಯರು ಬಂದು, "ಅಲ್ಲಮ್ಮ, ಇಷ್ಟು ಕನ್ನಡಕ ಇಟ್ಕೊಂಡು ನಿನ್ನೆ ಆ ಚೆಂಡು ಕಾಣಲಿಲ್ವಾ ನಿಮಗೆ?" ಎಂದರು. ಅವರ ಕಣ್ಣಿನ ನಂಬರು ನೋಡಿದೆ. ಅವರಿಗೆ ಮೈದಾನ ಕಂಡದ್ದೇ ಹೆಚ್ಚು.

ಬೆಳಿಗ್ಗೆ ಎಂದಿನಂತೆ ಬೇಕರಿಗೆ ಹೋಗಿದ್ದೆ. ಅಲ್ಲಿ ನಾನು ಗಿರಾಕಿ, ಅವರು ಅಂಗಡಿಯವರು. ಫುಟ್‌ಬಾಲ್ ಮಾತು ಇಬ್ಬರೂ ಎತ್ತುವುದಿಲ್ಲ. ಯಾರೂ ಬಾಯಿಬಿಟ್ಟು ಮಾಡಿಕೊಂಡ ಒಪ್ಪಂದವಲ್ಲ, ಆದರೆ ಇಷ್ಟು ವರ್ಷ ನಡೆದಿದೆ. ಅವರು ಬ್ರೆಡ್ ಕೊಟ್ಟರು, ನಾನು ಬಂದೆ.

ಸೆಪ್ಟೆಂಬರ್ 14, ಭಾನುವಾರ

ಇವತ್ತು ಬೇರೆ ಎರಡು ತಂಡ. ಒಂದು ಸಲವೂ ತಾಗಲಿಲ್ಲ. ನಾನಿದ್ದದ್ದೇ ಯಾರಿಗೂ ಗೊತ್ತಾಗಲಿಲ್ಲ. ಏನಾಯ್ತು ಎಂದು ಇವರು ಕೇಳಿದರು. ಏನೂ ಆಗಲಿಲ್ಲ ಎಂದೆ. ಪರಮಾನಂದ.

ಸೆಪ್ಟೆಂಬರ್ 21, ಭಾನುವಾರ

ಮೂರು ಸಲ.

ಮತ್ತೆ ಬೇಕರಿ ತಂಡದ ಪಂದ್ಯ. ನಮ್ಮ ಲೀಗಿನಲ್ಲಿ ರೆಫ್ರಿಗಳಿಗೆ ಬರ, ಹಾಗಾಗಿ ತಿರುಗಿ ತಿರುಗಿ ಅವೇ ತಂಡಗಳು ಪಾಲಿಗೆ ಬರುತ್ತವೆ. ಮೂರು ಸಲವೂ ಒದ್ದವರು ಬೇಕರಿಯವರೇ. ಮೊದಲನೆಯದು ತೊಡೆಗೆ. ಎರಡನೆಯದು ಬೆನ್ನಿಗೆ. ಮೂರನೆಯದು ನಡೆದದ್ದು ಹೀಗೆ: ಬೇಕರಿಯವರನ್ನು ಎದುರು ತಂಡದ ಇಬ್ಬರು ಸುತ್ತುವರಿದಿದ್ದರು, ಇನ್ನೇನು ಚೆಂಡು ಕಳೆದುಕೊಳ್ಳುತ್ತಾರೆ ಎನ್ನುವಾಗ ಅದು ನನ್ನ ಮೊಣಕಾಲ ಕೆಳಗೆ ಬಡಿದು ಎದುರು ತಂಡದವನ ಕಾಲಿಗೆ ಹೋಯಿತು. ಅವನು ಚೆಂಡು ಹಿಡಿದು ಓಡಿಯೇಬಿಟ್ಟಿದ್ದ. ಸೀಟಿ ಊದಿ ನಿಲ್ಲಿಸಿ, ಚೆಂಡನ್ನು ವಾಪಸ್ ಬೇಕರಿಯವರಿಗೇ ಕೊಡಬೇಕಾಯಿತು.

"ಮೇಡಂ, ನೀವು ಅವರ ಹನ್ನೆರಡನೇ ಪ್ಲೇಯರಾ?" ಎಂದು ಎದುರು ತಂಡದ ನಾಯಕ ಕೇಳಿದ. ಸುತ್ತ ನಗು.

ಸಂಜೆ ಲೀಗಿನ ಕಾರ್ಯದರ್ಶಿ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿಯನ್ನೂ ಕೆಮ್ಮಿ ಕೆಮ್ಮಿ ಹೇಳುತ್ತಾರೆ. "ಎರಡು ಪಂದ್ಯದಲ್ಲಿ ಐದು ಸಲ ಅಂದ್ರೆ ನಾನಾದ್ರೂ ಏನು ಹೇಳ್ಲಿ? ಅಕ್ಟೋಬರ್ ಹನ್ನೆರಡಕ್ಕೆ ವೀಕ್ಷಕರು ಬರ್ತಾರೆ. ಅವರ ಮುಂದೆ ಹೀಗಾದ್ರೆ ಪಟ್ಟಿ ಮರೆತುಬಿಡಿ."

ಊಟದ ಮೇಜಿನ ಮೇಲೆ ಚಮಚಗಳನ್ನು ಆಟಗಾರರನ್ನಾಗಿ ಮಾಡಿ, ಉಪ್ಪಿನ ಡಬ್ಬಿಯನ್ನು ನಾನಾಗಿ ಮಾಡಿ ಇವರಿಗೆ ಎಲ್ಲ ತೋರಿಸಿದೆ. ಇವರು ಲಿಫ್ಟ್ ರಿಪೇರಿ ಮಾಡುವವರು. ಏನು ಕೇಳಿದರೂ ಒಳಗೆ ಸಿಕ್ಕಿಹಾಕಿಕೊಂಡವರಿಗೆ ಧೈರ್ಯ ಹೇಳುವ ದನಿಯಲ್ಲೇ ಮಾತಾಡುತ್ತಾರೆ.

"ನೀನು ಎಲ್ಲಿ ನಿಂತಿದ್ದೆ?"

"ಎಲ್ಲಿ ನಿಲ್ಲಬೇಕೋ ಅಲ್ಲೇ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ ಅಲ್ಲೇ. ಒಂದು ಹೆಜ್ಜೆ ಆಚೀಚೆ ಇಲ್ಲ."

ಇವರು ಉಪ್ಪಿನ ಡಬ್ಬಿಯನ್ನು ಒಮ್ಮೆ ನೋಡಿದರು. ಆಮೇಲೆ ಅದನ್ನು ಎತ್ತಿ ಅಡುಗೆಮನೆಯಲ್ಲಿಟ್ಟು ಬಂದರು.

ಸೆಪ್ಟೆಂಬರ್ 23, ಮಂಗಳವಾರ

ಗೊತ್ತಾಯಿತು.

ಬೆಳಿಗ್ಗೆ ಬೇಕರಿಗೆ ಹೋದೆ. ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಕೌಂಟರಿನ ಎಡತುದಿಯಲ್ಲಿ, ನಾನು ದಿನಾ ನಿಲ್ಲುವ ಜಾಗದಲ್ಲಿ, ನನ್ನ ಬ್ರೆಡ್ಡು ಕಟ್ಟಿ ಸಿದ್ಧವಾಗಿತ್ತು. ಬೇಕರಿಯವರು ಬೇರೆ ಯಾರಿಗೋ ಬನ್ನು ಎಣಿಸಿ ಕೊಡುತ್ತಿದ್ದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೈ ಮಾತ್ರ ಈ ಕಡೆ ಚಾಚಿ ಪೊಟ್ಟಣವನ್ನು ಸರಿಯಾಗಿ ನನ್ನ ಕೈಗೆ ತಳ್ಳಿದರು.

ನಾನು ಅಲ್ಲೇ ಕಂಬದ ಹಾಗೆ ನಿಂತುಬಿಟ್ಟೆ. ಈ ಮನುಷ್ಯನಿಗೆ ನಾನು ಎಲ್ಲಿ ನಿಲ್ಲುತ್ತೇನೆಂದು ನೋಡದೆಯೇ ಗೊತ್ತು. ಇಲ್ಲೂ ಗೊತ್ತು, ಅಲ್ಲೂ ಗೊತ್ತು.

ಐದು ಸಲದ್ದೂ ಕಣ್ಣ ಮುಂದೆ ಬಂತು. ಅವರು ಇಕ್ಕಟ್ಟಿನಲ್ಲಿದ್ದಾಗಲೇ ಚೆಂಡು ನನಗೆ ಬಡಿದಿದೆ. ತಾಗಿದ ಚೆಂಡು ಎದುರಾಳಿಗೆ ಹೋದರೆ ನಾನು ಸೀಟಿ ಊದಿ ವಾಪಸ್ ಅವರಿಗೇ ಕೊಡುತ್ತೇನೆ. ಅವರ ತಂಡದವರಿಗೇ ಹೋದರೆ ಆಟ ಮುಂದುವರಿಯುತ್ತದೆ. ಎರಡು ಕಡೆಯಿಂದಲೂ ಲಾಭ. ಹನ್ನೆರಡು ವರ್ಷದ ನನ್ನ ಶಿಸ್ತಿನ ಓಟವನ್ನು ಇವರು ಗೋಡೆ ಮಾಡಿಕೊಂಡು ಚೆಂಡು ಬಡಿಯುತ್ತಿದ್ದಾರೆ. ಮೇಲೆ "ಸಾರಿ ಮೇಡಂ" ಬೇರೆ.

ಸಿಟ್ಟು ನೆತ್ತಿಗೇರಿತು. ಆದರೆ ಸಾಕ್ಷಿ ಎಲ್ಲಿದೆ? ಬೇಕೆಂದೇ ಹೊಡೆದರು ಎಂದು ನಾನು ಹೇಳಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಎಲ್ಲರೂ ನಗುತ್ತಾರೆ. ಅದೂ ಅಲ್ಲದೆ ಬೇಕರಿಯಲ್ಲಿ ಆಟದ ಮಾತು ಆಡುವಂತಿಲ್ಲ.

ಪೊಟ್ಟಣವನ್ನು ವಾಪಸ್ ತಳ್ಳಿದೆ. "ಇವತ್ತು ಬೇರೆ ಬ್ರೆಡ್ ಕೊಡಿ."

"ಯಾವುದು?"

"ಗೊತ್ತಿಲ್ಲ. ಬೇರೆ ಯಾವುದಾದ್ರೂ."

ಅವರು ಆಗ ತಲೆಯೆತ್ತಿ ನನ್ನ ಮುಖ ನೋಡಿದರು.

ತಂದದ್ದು ಬೀಜ ಹಾಕಿದ ಬ್ರೆಡ್ಡು. ಅತ್ತೆಯ ಕಟ್ಟಿಸಿದ ಹಲ್ಲಿನ ಸಂದಿಗೆ ಬೀಜ ಸಿಕ್ಕಿ ರಾದ್ಧಾಂತ. ವಿಷಯ ಹೇಳಿದ ಮೇಲೆ ಮಾತ್ರ ಹಲ್ಲು ಮರೆತು ಕೇಳಿದರು.

"ಹೋಗಿ ಹೋಗಿ ಅವನ ಹತ್ರಾನೇ ಬ್ರೆಡ್ ತರ್ತೀಯಲ್ಲ," ಎಂದರು.

"ಅವರ ಬ್ರೆಡ್ ಚೆನ್ನಾಗಿದೆ, ಅತ್ತೆ."

"ಅದೂ ಸರಿ ಅನ್ನು."

ಸೆಪ್ಟೆಂಬರ್ 28, ಭಾನುವಾರ

ಇವತ್ತು ಬೇರೆ ತಂಡಗಳು. ಹೊಸ ಉಪಾಯ ಮಾಡಿದೆ. ಆಟದಿಂದ ದೂರ, ಗೆರೆಯ ಪಕ್ಕದಲ್ಲೇ ಓಡಿದೆ. ಚೆಂಡು ಒಂದು ಸಲವೂ ತಾಗಲಿಲ್ಲ. ಮನೆಯಲ್ಲೇ ಕೂತಿದ್ದರೂ ತಾಗುತ್ತಿರಲಿಲ್ಲ.

ಗೋಲಿನ ಮುಂದೆ ಒಬ್ಬ ಚೆಂಡನ್ನು ಕೈಯಿಂದ ತಡೆದ. ಮೈದಾನದಲ್ಲಿದ್ದ ಎಲ್ಲರೂ ಕಂಡರು, ನನ್ನೊಬ್ಬಳ ಹೊರತು. ಪೆನಾಲ್ಟಿ ಕೊಡಬೇಕಿತ್ತು, ಕೊಡಲಿಲ್ಲ. "ರೆಫ್ರಿಗೆ ದುರ್ಬೀನು ತಂದುಕೊಡಿ" ಎಂದು ಯಾರೋ ಕೂಗಿದರು. ಅನ್ಯಾಯವಾದದ್ದು ಎದುರು ತಂಡಕ್ಕೆ. ಆಟ ಮುಗಿದ ಮೇಲೆ ಅವರ ನಾಯಕನ ಕೈ ಕುಲುಕಲು ನನಗೇ ನಾಚಿಕೆಯಾಯಿತು.

ಮನೆಗೆ ಬಂದು ಬೂಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತೆ. ಹತ್ತಿರ ಹೋದರೆ ಚೆಂಡು ತಾಗುತ್ತದೆ, ದೂರ ನಿಂತರೆ ತಪ್ಪು ಕಾಣುವುದಿಲ್ಲ. ಅತ್ತೆ ಪಕ್ಕದಲ್ಲಿ ಬಂದು ಕೂತರು. ಮಂಡಿ ನೋವಿನವರು ಮೆಟ್ಟಿಲ ಮೇಲೆ ಕೂರುವುದೆಂದರೆ ಸಣ್ಣ ವಿಷಯವಲ್ಲ.

"ನೀನು ಚಾಪೆ ಕೆಳಗೆ ನುಸುಳಿದ್ರೆ ಆ ಬ್ರೆಡ್ಡಿನವನು ರಂಗೋಲಿ ಕೆಳಗೆ ನುಸುಳ್ತಾನೆ. ಅವನಿಗೆ ಹೆದರಿ ಊರಾಚೆ ಓಡಿದ್ರೆ ಹೇಗೆ?" ಎಂದರು.

"ಮತ್ತೇನು ಮಾಡ್ಲಿ?"

"ಅದು ನನಗೇನು ಗೊತ್ತು. ಎದ್ದೇಳೋಕೆ ಕೈ ಕೊಡು."

ಅಕ್ಟೋಬರ್ 1, ಬುಧವಾರ

ಕೆಲಸ ಮುಗಿದ ಮೇಲೆ ಹಿಂದಿನ ಬೀದಿಯಿಂದ ಬಂದೆ. ಯಾಕೆಂದು ಕೇಳಿದರೆ ಗೊತ್ತಿಲ್ಲ, ಕಾಲು ಆ ಕಡೆ ತಿರುಗಿತು. ಅಲ್ಲಿ ಬೀಗ ರಿಪೇರಿಯ ಅಂಗಡಿಯೊಂದಿದೆ. ಮುಚ್ಚಿದ ಸಿನಿಮಾ ಟಾಕೀಸಿನ ಗೋಡೆಗೆ ಒರಗಿ ಒಬ್ಬಾಕೆ ಹಳೆಯ ಪುಸ್ತಕ ಮಾರುತ್ತಾಳೆ. ಇಷ್ಟು ವರ್ಷ ಒಂದು ಬೀದಿಯ ಆಚೆ ಇದ್ದವಳಿಗೆ ಇದೇನೂ ತಿಳಿದಿರಲಿಲ್ಲ.

ಬೀದಿ ತುಂಬ ಜನ. ಇಬ್ಬರು ಆಳೆತ್ತರದ ಕನ್ನಡಿ ಹೊತ್ತು ಬರುತ್ತಿದ್ದರು. ನಾನು ಪಕ್ಕಕ್ಕೆ ಸರಿದೆ, ಅವರು ಹೋದರು. ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ಹೊಳೆಯಿತು: ಅವರು ಎಡಕ್ಕೆ ತಿರುಗುತ್ತಾರೆಂದು ನನಗೆ ಮೊದಲೇ ತಿಳಿದಿತ್ತು, ಯಾಕೆಂದರೆ ಮುಂದಿದ್ದವನ ಸೊಂಟ ಎಡಕ್ಕೆ ತಿರುಗಿತ್ತು. ಸಂತೆಯಂಥ ಗುಂಪಿನಲ್ಲಿ ನಾನು ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ. ಬೀದಿಯಲ್ಲಿ ನಾನು ಮನುಷ್ಯರನ್ನು ನೋಡುತ್ತೇನೆ. ಮೈದಾನದಲ್ಲಿ ನೋಡುವುದು ನಾನು ತಲುಪಬೇಕಾದ ಜಾಗವನ್ನು.

ಮತ್ತೆ ಆ ಬೀದಿಯ ತುದಿಗೆ ಹೋಗಿ ಇನ್ನೊಮ್ಮೆ ನಡೆದೆ. ಆಮೇಲೆ ಮತ್ತೊಮ್ಮೆ. ಪುಸ್ತಕದಾಕೆ, "ಏನಾದ್ರೂ ಕಳ್ಕೊಂಡ್ರಾ ಅಕ್ಕಾ?" ಎಂದಳು. ಇಲ್ಲಮ್ಮ ಎಂದು ಒಂದು ಅಡುಗೆ ಪುಸ್ತಕ ಕೊಂಡೆ. ಇವರು ನೋಡಿ, ಇದು ನನಗೋ ನಿನಗೋ ಎಂದರು. ನಮ್ಮ ಮನೆಯಲ್ಲಿ ಅಡುಗೆ ಇವರದು.

ಅಕ್ಟೋಬರ್ 5, ಭಾನುವಾರ

ಸೆಮಿಫೈನಲ್. ಬೇಕರಿ ತಂಡ.

ಓರೆ ದಾರಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಬೇಕರಿಯವರ ಕಾಲಿಗೆ ಚೆಂಡು ಬಂದಾಗಲೆಲ್ಲ ಅವರ ಬೆನ್ನ ಹಿಂದೆ, ಹೆಗಲ ಮರೆಯಲ್ಲಿ ನಾನು. ಅವರ ಸೊಂಟ ಎತ್ತ ತಿರುಗಿದರೂ ನಾನು ಅದರ ವಿರುದ್ಧ ದಿಕ್ಕಿಗೆ. ಒಂದು ಸಲ ಇಬ್ಬರು ಅವರ ಮೇಲೆ ಮುಗಿಬಿದ್ದರು. ಅಭ್ಯಾಸಬಲದಿಂದ ಅವರು ನಾನು ಇರಬೇಕಾದ ಕಡೆಗೆ ಚೆಂಡನ್ನು ಬಲವಾಗಿ ಒದ್ದರು. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಸೀದಾ ಗೆರೆ ದಾಟಿ ನೀರಿನ ಡ್ರಮ್ಮಿಗೆ ಹೋಗಿ ಬಡಿಯಿತು. ಅವರದೇ ತಂಡದವರು ಬಾಯಿ ತೆರೆದು ನೋಡಿದರು.

ಅರ್ಧ ಆಟ ಮುಗಿದು ನೀರು ಕುಡಿಯುವಾಗ ಹತ್ತಿರ ಬಂದರು. "ಏನ್ ಮೇಡಂ, ಇವತ್ತು ಕಾಣ್ತಾನೇ ಇಲ್ಲ ನೀವು?"

"ಹುಡುಕ್ತಿದ್ರಾ?"

"ಛೆ ಛೆ, ನಾನ್ಯಾಕೆ ಹುಡುಕ್ಲಿ." ಕಿವಿ ಕೆಂಪಗಾಗಿತ್ತು.

ಆದರೂ ಗೆದ್ದದ್ದು ಅವರೇ, ಒಳ್ಳೆಯ ಆಟವಾಡಿ ಗೆದ್ದರು. ಬರುವ ಭಾನುವಾರ ಫೈನಲ್ಲಿನಲ್ಲಿ ಅವರಿಗೆ ಎದುರು ಸ್ಟೇಷನ್ ತಂಡ, ರೈಲ್ವೆ ಸ್ಟೇಷನ್ನಿನ ಹಿಂದಿನ ಬಡಾವಣೆಯವರು. ಚೆಂಡು ನನಗೆ ಇವತ್ತು ತಾಗಲಿಲ್ಲ, ಒಂದು ತಪ್ಪೂ ಕಣ್ಣು ತಪ್ಪಲಿಲ್ಲ.

ಇವರು ಆಟ ನೋಡಲು ಬಂದಿದ್ದರು. ದಾರಿಯಲ್ಲಿ, "ಆಟದ ನಡುವೆ ನೀನು ನಕ್ಕೆ," ಎಂದರು.

"ಇಲ್ಲಪ್ಪ."

"ಆ ಡ್ರಮ್ಮಿಗೆ ಬಡಿದಾಗ. ಜೋರಾಗಿಯೇ ನಕ್ಕೆ. ಇಷ್ಟು ವರ್ಷದಲ್ಲಿ ನೋಡಿರ್ಲಿಲ್ಲ."

ನನಗೆ ನೆನಪಿಲ್ಲ. ಇವರಿಗೆ ಬೇರೆ ಯಾರದೋ ನಗು ಕೇಳಿಸಿರಬೇಕು.

ಅಕ್ಟೋಬರ್ 11, ಶನಿವಾರ

ನಾಳೆ ಫೈನಲ್. ಅತ್ತೆ ನನ್ನ ಕರಿ ಅಂಗಿಗೆ ಇಸ್ತ್ರಿ ಹಾಕಿದರು, ಕಾಲರಿಗೆ ಎರಡೆರಡು ಸಲ. ನನಗೆ ಆ ಪಟ್ಟಿ ಬೇಕು. ಸಿಕ್ಕಿದರೂ ಸರಿ, ಸಿಗದಿದ್ದರೂ ಸರಿ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ಇಲ್ಲಿ ಯಾಕೆ ಸುಳ್ಳು ಬರೆಯಲಿ? ಬೇಕು. ತುಂಬಾ ಬೇಕು.

ಅಕ್ಟೋಬರ್ 12, ಭಾನುವಾರ

ಎಲ್ಲವನ್ನೂ ಬರೆದೇ ಮಲಗುತ್ತೇನೆ.

ವೀಕ್ಷಕರು ಬೂದು ಕೋಟು ಹಾಕಿಕೊಂಡು ಗೆರೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಆಟ ಚೆನ್ನಾಗಿ ನಡೆಯಿತು. ಎರಡೂ ತಂಡಕ್ಕೆ ಒಂದೊಂದು ಗೋಲು. ಕಾಲು ಹಗುರವಾಗಿತ್ತು, ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತಿದ್ದೆ, ಎಲ್ಲವೂ ಕಾಣುತ್ತಿತ್ತು. ಕೊನೆಗೆ ಐದು ನಿಮಿಷವೂ ಉಳಿದಿರಲಿಲ್ಲ.

ಬೇಕರಿಯವರ ಕಾಲಲ್ಲಿ ಚೆಂಡು. ನಾನು ಅವರ ಎಡಹೆಗಲ ಹಿಂದೆ. ಸೊಂಟ ಬಲಕ್ಕೆ ತಿರುಗಿತು, ನಾನು ಎಡಕ್ಕೆ ಸರಿದೆ. ಅವರು ಬಲಕ್ಕೆ ಒದೆಯಲಿಲ್ಲ. ಚೆಂಡನ್ನು ಹಿಮ್ಮಡಿಯಿಂದ ಹಿಂದಕ್ಕೆ ತಳ್ಳಿದರು. ಈ ಸಲ ನನ್ನನ್ನು ಗುರಿಯಿಟ್ಟು ಅಲ್ಲ, ಹಿಂದಿದ್ದ ತಮ್ಮವನಿಗೆಂದೇ. ನಾನು ಕಾಲೆತ್ತುತ್ತಿದ್ದೆ. ಚೆಂಡು ನನ್ನ ಬೂಟಿನ ಹಿಮ್ಮಡಿಗೆ ಬೆರಳಿನಿಂದ ತಟ್ಟಿದಷ್ಟು ತಾಗಿ, ಒಂದು ಗೇಣು ದಾರಿ ಬದಲಿಸಿತು. ಅದನ್ನು ತಡೆಯಲು ಕಾಲು ಚಾಚಿದ್ದ ಸ್ಟೇಷನ್ ತಂಡದವನಿಗೆ ಆ ಗೇಣಿನಿಂದಲೇ ತಪ್ಪಿತು. ಹಿಂದಿದ್ದವನು ಓಡಿ ಬಂದು ಒದ್ದ. ಸೀಟಿ ಬಾಯಿಗೆ ಬರುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು.

ಬೇಕರಿ ತಂಡದವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಸ್ಟೇಷನ್ ತಂಡದವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಯಾರೂ ತಕರಾರು ಮಾಡಲಿಲ್ಲ. ಗೆರೆಯ ಬಳಿ ಬಾವುಟ ಹಿಡಿದಿದ್ದವರೂ ಗೋಲು ಎಂದೇ ನಡು ಮೈದಾನದ ಕಡೆ ಓಡತೊಡಗಿದ್ದರು. ಯಾರೂ ನೋಡಿರಲಿಲ್ಲ.

ಸುಮ್ಮನಿದ್ದುಬಿಡುವ ಯೋಚನೆ ಬರಲಿಲ್ಲ ಎಂದರೆ ಸುಳ್ಳು. ಬಾಯಿ ಮುಚ್ಚಿಕೊಂಡರೆ ಪಂದ್ಯ ಮುಗಿಯುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ, ನನ್ನ ಹೆಸರು ಪಟ್ಟಿಗೆ ಹೋಗುತ್ತದೆ. ಆ ಹೊತ್ತಿಗೆ ಸ್ಟೇಷನ್ ತಂಡದ ಗೋಲ್‌ಕೀಪರ್ ಬಲೆಯೊಳಗೆ ಬಗ್ಗಿ ಚೆಂಡು ಎತ್ತಿಕೊಳ್ಳುತ್ತಿದ್ದ. ಗೊಣಗಲಿಲ್ಲ, ನನ್ನ ಕಡೆ ನೋಡಲಿಲ್ಲ. ನ್ಯಾಯವಾಗಿಯೇ ಸೋತೆ ಎಂದುಕೊಂಡವನ ಮುಖ. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಸೀಟಿ ಊದಿದೆ. ಎಲ್ಲರಿಗೂ ಕಾಣುವಂತೆ ಬಗ್ಗಿ ನನ್ನ ಹಿಮ್ಮಡಿ ಮುಟ್ಟಿ ತೋರಿಸಿದೆ. "ಚೆಂಡು ನನಗೆ ತಾಗಿತು. ತಾಗಿದ್ದರಿಂದಲೇ ದಾರಿ ಬದಲಾಯ್ತು. ಗೋಲಿಲ್ಲ. ಡ್ರಾಪ್ ಬಾಲ್," ಎಂದೆ. ಆಚೆ ಬೇಲಿಯ ಹತ್ತಿರ ನಿಂತವರಿಗೂ ಕೇಳಿಸಿತಂತೆ.

ಮೈದಾನವೇ ನನ್ನ ಮೇಲೆ ಬಿತ್ತು. ಎಲ್ಲರಿಗಿಂತ ಮುಂದೆ ಬೇಕರಿಯವರು. "ಎಲ್ಲಿ ತಾಗ್ತು? ಯಾರು ನೋಡಿದ್ರು? ಒಬ್ಬರ ಹೆಸರು ಹೇಳಿ."

"ಯಾರೂ ನೋಡಿಲ್ಲ. ತಾಗಿದ್ದು ನನಗೆ, ನನಗೆ ಗೊತ್ತು. ಹಿಂದೆ ಹೋಗಿ."

ಹೋಗಲಿಲ್ಲ. ಹಳದಿ ಕಾರ್ಡು ತೋರಿಸಿದೆ. ಹೋದರು. ಪಂದ್ಯ ಒಂದು ಒಂದರಲ್ಲೇ ಮುಗಿಯಿತು. ನಮ್ಮ ಲೀಗಿನಲ್ಲಿ ಫೈನಲ್ ಸಮವಾದರೆ ಇನ್ನೊಂದು ದಿನ ಮತ್ತೆ ಆಡಿಸುತ್ತಾರೆ.

ವೀಕ್ಷಕರು ಬಟ್ಟೆ ಬದಲಿಸುವ ಕೋಣೆಯ ಪರದೆಯ ಹೊರಗೆ ಕಾದು ನಿಂತಿದ್ದರು.

"ಅದು ತಾಗಿದ್ದು ನನಗೆ ಕಾಣಲಿಲ್ಲ," ಎಂದರು.

"ಕಾಣೋ ಹಾಗಿರಲಿಲ್ಲ ಸಾರ್."

"ನೀವು ಹೇಳಿದ ಮೇಲೆ ನಾನು ಲೆಕ್ಕಕ್ಕೆ ತಗೊಳ್ಳಲೇಬೇಕು. ನಿಂತ ಜಾಗದಿಂದಾಗಿ ಫೈನಲ್ಲಿನ ಗೋಲೇ ಹೋಯ್ತು. ತೀರ್ಪಿಗೆ ಪೂರ್ತಿ ಅಂಕ ಕೊಟ್ಟಿದ್ದೀನಿ, ಆದ್ರೆ ಒಟ್ಟು ಸಾಲೋದಿಲ್ಲ. ಬೇಜಾರು ಮಾಡ್ಕೋಬೇಡಿ."

"ಗೊತ್ತಿತ್ತು ಸಾರ್," ಎಂದೆ. ಅವರು ಹೋದ ಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತುಬಿಟ್ಟೆ. ಇವರು ಪರದೆಯ ಹೊರಗೆ ನಿಂತು, ಬರ್ತೀಯಾ, ಇನ್ನೂ ಸ್ವಲ್ಪ ಹೊತ್ತು ಬೇಕಾ ಎಂದು ತಮ್ಮ ಲಿಫ್ಟಿನ ದನಿಯಲ್ಲಿ ಕೇಳಿದರು. ಇನ್ನೂ ಸ್ವಲ್ಪ ಎಂದೆ.

ಮನೆಯಲ್ಲಿ ಅತ್ತೆ ಪೂರ್ತಿ ಕೇಳಿದರು. "ಯಾರೂ ನೋಡಿರ್ಲಿಲ್ಲ ಅಂತೀಯ. ಮತ್ಯಾಕೆ ಹೇಳ್ದೆ?"

"ತಾಗಿತ್ತು ಅತ್ತೆ."

ಅವರು ನನ್ನನ್ನೇ ನೋಡಿದರು. "ಸರಿ. ಕೈ ತೊಳ್ಕೊ, ಊಟ ಆರ್ತಿದೆ," ಎಂದರು. ತಾವೇ ಎದ್ದು ಬಡಿಸಿದರು.

ಅಕ್ಟೋಬರ್ 13, ಸೋಮವಾರ

ಬೇಕರಿಗೆ ಹೋಗುವುದೋ ಬೇಡವೋ ಎಂದು ಬೀದಿಯ ತುದಿಯಲ್ಲಿ ನಿಂತು ಯೋಚಿಸಿದೆ. ಎಷ್ಟು ದಿನ ಬ್ರೆಡ್ಡಿಲ್ಲದೆ ಇರಲಾದೀತು? ಹೋದೆ. ಒಳಗಿದ್ದ ಗಿರಾಕಿಗಳ ಮಾತು ಥಟ್ಟನೆ ನಿಂತಿತು. ಬೇಕರಿಯವರು ಅವರನ್ನೆಲ್ಲ ಬೇಗ ಬೇಗ ಸಾಗಹಾಕಿದರು. ಇಬ್ಬರೇ ಉಳಿದಾಗ ನಮ್ಮ ಒಪ್ಪಂದ ಮುರಿದದ್ದು ಅವರೇ.

"ನಿನ್ನೆ ತಾಗಿದ್ದು ನಾನು ನೋಡ್ದೆ."

"ನೋಡಿ ಅಷ್ಟೊಂದು ಕೂಗಾಡಿದ್ರಾ?"

"ಫೈನಲ್ಲಲ್ಲಿ ಗೋಲು ಮೇಡಂ. ಕೂಗದೆ ಇರೋಕಾಗುತ್ತಾ?"

"ಅದಕ್ಕೂ ಮೊದಲು ಐದು ಸಲ ಬೇಕಂತಲೇ ನನಗೆ ಹೊಡೆದ್ರಲ್ಲ, ಅದು?"

"ಐದಲ್ಲ, ನಾಲ್ಕು," ಎಂದರು ಬನ್ನುಗಳನ್ನು ಜೋಡಿಸುತ್ತಾ. "ಮೊದಲನೇದು ನಿಜವಾಗ್ಲೂ ತಾನಾಗಿ ತಾಗಿದ್ದು. ಆಮೇಲೆ ಬುದ್ಧಿ ಬಂತು."

ಸಿಟ್ಟು ಬರಬೇಕಿತ್ತು. ನಗು ಬಂದುಬಿಟ್ಟಿತು, ಅವರಿಗೂ ಬಂತು. ಆಮೇಲೆ, ಪಟ್ಟಿ ಏನಾಯ್ತು ಎಂದು ಕೇಳಿದರು. ಅವರಿಗೂ ಗೊತ್ತಿತ್ತು ಅಂತಾಯಿತು. ಇಲ್ಲ ಎಂದು ತಲೆಯಾಡಿಸಿದೆ. ಅವರು ಬ್ರೆಡ್ ಕೊಯ್ಯುವ ಚಾಕುವನ್ನು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

ಅಕ್ಟೋಬರ್ 15, ಬುಧವಾರ

ಕಾರ್ಯದರ್ಶಿ ಅಂಗಡಿಗೇ ಫೋನ್ ಮಾಡಿದರು. ಕೈಯಲ್ಲಿ ಗಾಜು ಹಿಡಿದುಕೊಂಡೇ ಮಾತಾಡಿದೆ. ಕೆಮ್ಮು ಇರಲಿಲ್ಲ.

"ಬರೋ ಭಾನುವಾರ ಫೈನಲ್ ಮತ್ತೆ ಆಡ್ಸೋದು. ರೆಫ್ರಿ ಯಾರು ಅಂತ ಎರಡೂ ನಾಯಕರು ಒಪ್ಪಬೇಕು, ಗೊತ್ತಲ್ಲ? ನಾನು ಬಂದಾಗಿನಿಂದ ಒಂದು ಸಲಾನೂ ಒಪ್ಪಿದ್ದಿಲ್ಲ. ಒಬ್ಬರು ಏತಿ ಅಂದ್ರೆ ಇನ್ನೊಬ್ಬರು ಪ್ರೇತಿ. ಕೊನೆಗೆ ಹೊರಗಿನಿಂದ ಯಾರನ್ನಾದ್ರೂ ಕರೆಸ್ತಿದ್ವಿ."

"ಈ ಸಲ ಯಾರನ್ನ ಕರೆಸ್ತೀರಿ?"

"ಕೇಳಿ ಇಲ್ಲಿ. ಸ್ಟೇಷನ್ನಿನವರು ನಿಮ್ಮ ಹೆಸರು ಹೇಳಿದ್ರು. ಅವರು ಹೇಳ್ತಾರೆ ಬಿಡಿ, ಸೋಲು ತಪ್ಪಿಸಿದ್ದೀರಿ. ಬೇಕರಿಯವರು ಬೇಡ ಅಂತಾರೆ ಅಂತ ಖಾತ್ರಿ ಇತ್ತು ನನಗೆ, ಆದ್ರೂ ಕೇಳ್ದೆ. ಅವರು ಹಿಟ್ಟು ನಾದ್ತಾ ಇದ್ರು. ತಲೆ ಕೂಡ ಎತ್ಲಿಲ್ಲ. 'ಅವರೇ ಬರಲಿ. ತಾಗಿದ್ರೆ ತಾಗಿತು ಅಂತ ಹೇಳ್ತಾರೆ' ಅಂದ್ರು."

ನಾನು ಗಾಜನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಬಿದ್ದು ಒಡೆದುಹೋದೀತು ಅನ್ನಿಸಿತು.

"ಕೇಳಿಸ್ತಾ ಇದೆಯಾ? ಬರ್ತೀರಿ ತಾನೇ?"

ಬರ್ತೀನಿ ಎಂದೆ. ಮೇಲಿನ ಪಟ್ಟಿಯಲ್ಲಿ ಯಾರ ಯಾರ ಹೆಸರು ಬಂತು ಎಂದು ಕೇಳುವುದು ಮರೆತೇಹೋಯಿತು.

ಸಂಜೆ ಮನೆಯಲ್ಲಿ ಒಂದೇ ಉಸಿರಿಗೆ ಹೇಳಿದೆ. ಅತ್ತೆ ಅರ್ಥವಾಗದೆ, "ಮೇಲಿನವರು ಕರೆದ್ರಾ?" ಎಂದರು.

"ಅಲ್ಲ ಅತ್ತೆ. ಅದೇ ಮೈದಾನ, ಅದೇ ಎರಡು ತಂಡ. ಇಬ್ಬರೂ ನಾನೇ ಬೇಕು ಅಂದಿದ್ದಾರೆ."

"ಆ ಬ್ರೆಡ್ಡಿನವನೂ?"

"ಅವರೂ."

ಅತ್ತೆ ಹೋಗಿ ಕರಿ ಅಂಗಿಯನ್ನು ಹುಡುಕಿ ತೆಗೆದು ನೀರಿಗೆ ನೆನೆಹಾಕಿದರು. ಭಾನುವಾರಕ್ಕೆ ಇನ್ನೂ ಬೇಕಾದಷ್ಟು ದಿನವಿದೆ ಎಂದರೂ ಕೇಳಲಿಲ್ಲ.

ಅಕ್ಟೋಬರ್ 19, ಭಾನುವಾರ

ಬಂದು ಸ್ನಾನ ಮಾಡಿ ಬರೆಯುತ್ತಿದ್ದೇನೆ. ಎರಡಕ್ಕೆ ಒಂದರಿಂದ ಸ್ಟೇಷನ್ ತಂಡ ಗೆದ್ದಿತು. ಅತ್ತೆ ಮೊದಲ ಸಲ ಮೈದಾನಕ್ಕೆ ಬಂದು ಗೆರೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಯಾರೋ ನನ್ನನ್ನು ಬೈದರೆಂದು ಅವರ ಜೊತೆ ಜಗಳವನ್ನೂ ಆಡಿದರು. ಚೆಂಡು ನನಗೆ ಒಂದು ಸಲ ತಾಗಿತು, ಹೊಟ್ಟೆಗೆ, ಸರಿಯಾಗಿಯೇ. "ತಾಗಿತು" ಎಂದು ನಾನು ಕೂಗುವ ಮೊದಲೇ ಇಪ್ಪತ್ತೆರಡು ಜನವೂ "ತಾಗಿತು" ಎಂದು ಕೂಗಿದರು. ಮೈದಾನವೆಲ್ಲ ನಕ್ಕಿತು, ನಾನೂ ನಕ್ಕೆ.

ಟಾಸ್ ಹೊತ್ತಿನ ಮಾತನ್ನು ಬರೆದಿಡಬೇಕು. ಇಬ್ಬರೂ ನಾಯಕರು ಬಂದು ನಿಂತರು. ಕೈ ಕುಲುಕಿದೆವು. ಬೇಕರಿಯವರು ಮೈದಾನದ ಆ ಮೂಲೆ ನೋಡಿದರು, ಈ ಮೂಲೆ ನೋಡಿದರು, ಆಮೇಲೆ ಬಹಳ ಮುಗ್ಧರ ಹಾಗೆ ಕೇಳಿದರು: "ಇವತ್ತು ಎಲ್ಲಿ ನಿಲ್ತೀರಿ ಮೇಡಂ?"

"ಹೇಳಲ್ಲ," ಎಂದೆ. ನಾಣ್ಯ ಚಿಮ್ಮಿಸಿದೆ.